ಸಹಾಯ ಬೇಕು: ಮೀಸಲು ಹುಲ್ಲುಗಾವಲಿನ ದನ ನೋಡಿ ಬರಲು ಇಬ್ಬರು

ನಮಸ್ಕಾರ. ಮೀಸಲು ಹುಲ್ಲುಗಾವಲಿನಲ್ಲಿ ಮೇಯಲು ಬಿಟ್ಟಿರುವ ದನಗಳನ್ನು ದಿನಕ್ಕೊಮ್ಮೆ ನೋಡಿ ಬರುವ ನಮ್ಮ ಗುಂಪಿನಲ್ಲಿ ಇಬ್ಬರು ಕಡಿಮೆಯಾಗಿದ್ದಾರೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಯಾರಾದರೂ ಬರ್ತೀರಾ?

ದನ ಸಾಕಿದ ಅನುಭವ ಬೇಕಿಲ್ಲ, ನಿಂತು ನೋಡುವ ತಾಳ್ಮೆ ಇದ್ದರೆ ಸಾಕು. ಮೊದಲು ತಲೆ ಎಣಿಕೆ. ಕಷ್ಟ ಇದೇ! ಪೊದೆ ಹಿಂದೆ ಮಲಗಿದ್ದು ಕಣ್ಣಿಗೇ ಬೀಳುವುದಿಲ್ಲ. ಮೂರು ಸಲ ಎಣಿಸಿ ಮೂರು ಲೆಕ್ಕ ಬರೆದುಕೊಂಡವಳು ನಾನು. ಆಮೇಲೆ ಕುಂಟುತ್ತಿದೆಯೇ, ಮೆಲುಕು ಹಾಕುತ್ತಿದೆಯೇ ಅಂತ ನೋಡಬೇಕು. ಎಡಪಕ್ಕೆ ಡೊಳ್ಳಿನಂತೆ ಉಬ್ಬಿದ್ದರೆ ಹೊಟ್ಟೆಯುಬ್ಬರ ಇರಬಹುದು, ತಕ್ಷಣ ಫೋನ್ ಮಾಡಿ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಹಿಂಡು ಬಿಟ್ಟು ಒಂಟಿಯಾಗಿ ನಿಂತಿದ್ದರೆ ಕಾಯಿಲೆಯೂ ಇರಬಹುದು, ಕರು ಹಾಕುವ ಹೊತ್ತೂ ಇರಬಹುದು. ಹುಲ್ಲಿನಲ್ಲಿ ಎಳೆಗರು ಒಂದೇ ಮಲಗಿದ್ದರೆ ಮುಟ್ಟಬೇಡಿ. ಸಾಮಾನ್ಯವಾಗಿ ತಾಯಿಯೇ ಅಲ್ಲಿ ಬಚ್ಚಿಟ್ಟು ಮೇಯಲು ಹೋಗಿರುತ್ತದೆ. ಬೇಲಿ, ನೀರಿನ ತೊಟ್ಟಿಯ ಮೇಲೂ ಒಂದು ಕಣ್ಣಿರಲಿ.

ನಾಯಿ ಮಾತ್ರ ತರಬೇಡಿ, ಎಷ್ಟೇ ಸಾಧುವಾದರೂ. ಕರು ಹಾಕಿದ ಹಸು ಅದನ್ನು ಅಟ್ಟಿಸಿಕೊಂಡು ಬಂದರೆ, ನಾಯಿ ಓಡಿ ಬರುವುದು ನಿಮ್ಮ ಹಿಂದಕ್ಕೇ.

ಮೊದಲ ಎರಡು ಸಲ ನಾನೂ ಜೊತೆಗಿರುತ್ತೇನೆ. ಯಾವ ದಿನ ಆಗುತ್ತದೆ ಅಂತ ಇಲ್ಲೇ ತಿಳಿಸಿ.