ಬ್ರಿಟನ್ನಿನಲ್ಲಿ ಗ್ಯಾಸ್, ಕರೆಂಟ್ ಬಿಲ್ಲು: ಕ್ರೆಡಿಟ್ ಇದ್ದರೂ ಡೈರೆಕ್ಟ್ ಡೆಬಿಟ್ ಏರಿಸಿದ್ದಾರೆ, ಏನು ಮಾಡಲಿ?

ರೆಡಿಂಗ್‌ನಿಂದ ಪ್ರಶ್ನೆ

ಮೂರು ಬೆಡ್‌ರೂಮಿನ ಮನೆ, ಗ್ಯಾಸ್ ಬಾಯ್ಲರ್, ಗ್ಯಾಸ್ ಮತ್ತು ಕರೆಂಟ್ ಎರಡೂ ಒಂದೇ ಕಂಪನಿಯಿಂದ. ತಿಂಗಳಿಗೆ 148 ಪೌಂಡ್ ಡೈರೆಕ್ಟ್ ಡೆಬಿಟ್ (ಬ್ಯಾಂಕಿನಿಂದ ಕಂಪನಿಯೇ ನೇರವಾಗಿ ತೆಗೆದುಕೊಳ್ಳುವ ಕಂತು) ಹೋಗುತ್ತದೆ. ಈಗ ಅಕ್ಟೋಬರ್ ಮೊದಲ ವಾರ, ಅಕೌಂಟಿನಲ್ಲಿ 412 ಪೌಂಡ್ ಕ್ರೆಡಿಟ್ ಇದೆ. ಆದರೂ ನವೆಂಬರಿನಿಂದ 186 ಪೌಂಡ್ ತೆಗೆಯುತ್ತೇವೆ ಅಂತ ಇಮೇಲ್ ಬಂದಿದೆ. ನಮ್ಮ ದುಡ್ಡು ಅವರ ಹತ್ತಿರವೇ ಇರುವಾಗ ಇನ್ನೂ ಯಾಕೆ ಕೊಡಬೇಕು? ಬ್ಯಾಂಕಿನಲ್ಲಿ ಡೈರೆಕ್ಟ್ ಡೆಬಿಟ್ಟನ್ನೇ ನಿಲ್ಲಿಸಿಬಿಡಲಾ? 412 ಪೂರ್ತಿ ವಾಪಸ್ ಕೇಳಬಹುದಾ?

ಮಿಲ್ಟನ್ ಕೀನ್ಸ್‌ನಿಂದ

ಡೈರೆಕ್ಟ್ ಡೆಬಿಟ್ ಮಾತ್ರ ನಿಲ್ಲಿಸಬೇಡಿ. ನಿಲ್ಲಿಸಿದರೆ ಬಿಲ್ಲು ಬಂದ ಮೇಲೆ ಕಟ್ಟುವವರ ದರಕ್ಕೆ ನಿಮ್ಮನ್ನು ಹಾಕುತ್ತಾರೆ, ಆ ದರ ಜಾಸ್ತಿ. ಬಾಕಿ ಬಿದ್ದರೆ ಕ್ರೆಡಿಟ್ ಫೈಲಿಗೂ (ಮುಂದೆ ಸಾಲ ಕೊಡುವವರು ನೋಡುವ ದಾಖಲೆ) ಏಟು.

ಊರಲ್ಲಾದರೆ ಬೆಸ್ಕಾಂನವರು ಮೀಟರ್ ನೋಡಿ, ಉರಿಸಿದಷ್ಟಕ್ಕೆ ಅಲ್ಲೇ ಬಿಲ್ಲು ಹರಿದು ಕೊಡುತ್ತಾರೆ. ಇಲ್ಲಿ ಇಡೀ ವರ್ಷದ ಖರ್ಚನ್ನು ಅಂದಾಜು ಮಾಡಿ ಹನ್ನೆರಡು ಸಮಪಾಲು ಮಾಡುತ್ತಾರೆ. ಬೇಸಿಗೆಯಲ್ಲಿ ಹೀಟಿಂಗ್ ಇಲ್ಲದೆ ದುಡ್ಡು ಜಮೆಯಾಗುತ್ತದೆ, ಚಳಿಗಾಲದಲ್ಲಿ ಕರಗುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಕ್ರೆಡಿಟ್ ಅತಿ ಹೆಚ್ಚು; ಮಾರ್ಚ್ ಕೊನೆಗೆ ಅತಿ ಕಡಿಮೆ. ಹಾಗಾಗಿ ಅಕ್ಟೋಬರಿನಲ್ಲಿ ಕ್ರೆಡಿಟ್ ಇರುವುದೇ ಸರಿ, ಪೂರ್ತಿ ವಾಪಸ್ ತೆಗೆದುಕೊಂಡರೆ ಜನವರಿಯಲ್ಲಿ ಸಾಲದಲ್ಲಿರುತ್ತೀರಿ. ಅದೇ 412 ಪೌಂಡ್ ಏಪ್ರಿಲ್‌ನಲ್ಲಿ ಕಂಡರೆ ಅದು ನಿಜವಾಗಿಯೂ ಹೆಚ್ಚುವರಿ.

ಲೆಸ್ಟರ್‌ನಿಂದ

ಲೆಕ್ಕಕ್ಕೆ ಕೂರುವ ಮೊದಲು ಬಿಲ್ಲು ತೆಗೆದು, ರೀಡಿಂಗಿನ ಪಕ್ಕ ‘ಆ್ಯಕ್ಚುವಲ್’ ಅಂತಿದೆಯೋ ‘ಎಸ್ಟಿಮೇಟೆಡ್’ ಅಂತಿದೆಯೋ ನೋಡಿ. ಎಸ್ಟಿಮೇಟೆಡ್ ಆಗಿದ್ದರೆ ನಿಮ್ಮ 412 ಕೂಡ ನಂಬುವ ಅಂಕಿಯಲ್ಲ. ಸ್ಮಾರ್ಟ್ ಮೀಟರ್ ಇದ್ದ ಮಾತ್ರಕ್ಕೆ ರೀಡಿಂಗ್ ಹೋಗುತ್ತಿದೆ ಅಂತಲ್ಲ. ಸಿಗ್ನಲ್ ತಪ್ಪಿಯೋ, ಕಂಪನಿ ಬದಲಿಸಿದ ಮೇಲೋ ಎಷ್ಟೋ ಮೀಟರ್‌ಗಳು ಸದ್ದಿಲ್ಲದೆ ಕಳಿಸುವುದನ್ನು ನಿಲ್ಲಿಸುತ್ತವೆ. ಅಡುಗೆಮನೆಯ ಡಿಸ್‌ಪ್ಲೇ ಬೇಡ, ಮೀಟರ್ ಹತ್ತಿರವೇ ಹೋಗಿ ಓದಿ. ಹಲವು ಮಾಡೆಲ್‌ಗಳಲ್ಲಿ 9 ಒತ್ತಿದರೆ ರೀಡಿಂಗ್ ಬರುತ್ತದೆ. ದಶಮಾಂಶದ ನಂತರದ್ದು ಬಿಡಿ. ಫೋಟೋ ಇರಲಿ.

ಗ್ಯಾಸ್ ಮೀಟರಿನ ಮೇಲೆ ಕ್ಯೂಬಿಕ್ ಮೀಟರ್ ಅಂತಿದೆಯೋ ಕ್ಯೂಬಿಕ್ ಫೀಟ್ ಅಂತಿದೆಯೋ ಅದನ್ನೂ ಬಿಲ್ಲಿನ ಜೊತೆ ತಾಳೆ ನೋಡಿ. ಹಳೇ ಇಂಪೀರಿಯಲ್ ಮೀಟರಿನ ಒಂದು ಅಂಕಿ ಅಂದರೆ 100 ಕ್ಯೂಬಿಕ್ ಫೀಟ್, 2.83 ಕ್ಯೂಬಿಕ್ ಮೀಟರ್. ಮೆಟ್ರಿಕ್ ಮೀಟರನ್ನು ಇಂಪೀರಿಯಲ್ ಅಂತ ದಾಖಲಿಸಿಕೊಂಡಿದ್ದರೆ ಗ್ಯಾಸಿನ ಬಳಕೆ ಹೆಚ್ಚುಕಡಿಮೆ ಮೂರು ಪಟ್ಟು ಬೀಳುತ್ತದೆ.

ರೆಡಿಂಗ್‌ನಿಂದ ಮತ್ತೆ

ನೋಡಿದೆ. ಗ್ಯಾಸು ಮೇ ತಿಂಗಳಿಂದ ಎಸ್ಟಿಮೇಟೆಡ್. ಬಿಲ್ಲಿನಲ್ಲಿ 6412, ಮೀಟರಿನಲ್ಲಿ 6290, ಎರಡೂ ಕ್ಯೂಬಿಕ್ ಮೀಟರ್. ಕಳೆದ ಅಕ್ಟೋಬರಿನ ಆ್ಯಕ್ಚುವಲ್ ರೀಡಿಂಗ್ 5310. ಕರೆಂಟ್ ರೀಡಿಂಗ್ ಸರಿಯಿದೆ, ವರ್ಷಕ್ಕೆ 2800 ಯೂನಿಟ್. ದರ ವ್ಯಾಟ್ ಸೇರಿ: ಕರೆಂಟ್ 26 ಪೆನ್ಸ್, ಗ್ಯಾಸ್ 6 ಪೆನ್ಸ್, ಸ್ಟ್ಯಾಂಡಿಂಗ್ ಚಾರ್ಜ್ (ಬಳಸದಿದ್ದರೂ ಕಟ್ಟಬೇಕಾದ ಶುಲ್ಕ) ಎರಡಕ್ಕೂ ಸೇರಿ ದಿನಕ್ಕೆ 87 ಪೆನ್ಸ್.

ಲೆಸ್ಟರ್‌ನಿಂದ

ಹಾಗಾದರೆ ಕಾರಣ ಸಿಕ್ಕಿತು. ಗ್ಯಾಸಿನ ಕ್ಯೂಬಿಕ್ ಮೀಟರನ್ನು ಯೂನಿಟ್ಟಿಗೆ ತಿರುಗಿಸಲು 1.02264ರಿಂದ ಗುಣಿಸಿ, ಬಿಲ್ಲಿನಲ್ಲಿರುವ ಕ್ಯಾಲರಿಫಿಕ್ ವ್ಯಾಲ್ಯೂನಿಂದ (ಗ್ಯಾಸಿನ ಶಾಖದ ಅಳತೆ, 39ರ ಆಸುಪಾಸು) ಗುಣಿಸಿ, 3.6ರಿಂದ ಭಾಗಿಸಬೇಕು. ಅಂದಾಜಿಗೆ ನೇರವಾಗಿ 11.2ರಿಂದ ಗುಣಿಸಿದರೆ ಸಾಕು. 6412ರಲ್ಲಿ 6290 ಕಳೆದರೆ 122, ಅದು ಸುಮಾರು 1366 ಯೂನಿಟ್, 82 ಪೌಂಡ್. ಉರಿಸದ ಗ್ಯಾಸಿಗೆ ಹಾಕಿದ ಬಿಲ್ಲು ಅದು. ರೀಡಿಂಗ್ ಕೊಟ್ಟು ಬಿಲ್ಲು ಸರಿಮಾಡಿಸಿದರೆ ಕ್ರೆಡಿಟ್ 494 ಆಗುತ್ತದೆ.

ಮಿಲ್ಟನ್ ಕೀನ್ಸ್‌ನಿಂದ

ಇನ್ನು ವರ್ಷದ ಲೆಕ್ಕ. ಗ್ಯಾಸ್ 6290ರಲ್ಲಿ 5310 ಕಳೆದರೆ 980 ಕ್ಯೂಬಿಕ್ ಮೀಟರ್, ಅಂದರೆ ಹತ್ತಿರಹತ್ತಿರ 11,000 ಯೂನಿಟ್, 660 ಪೌಂಡ್. ಕರೆಂಟ್ 728. ಸ್ಟ್ಯಾಂಡಿಂಗ್ ಚಾರ್ಜ್ 318. ಒಟ್ಟು 1706, ತಿಂಗಳಿಗೆ 142. ಅವರು ಕೇಳುತ್ತಿರುವ 186ನ್ನು ಹನ್ನೆರಡರಿಂದ ಗುಣಿಸಿದರೆ 2232. ನಿಮ್ಮ ಬಳಕೆಗಿಂತ 526 ಪೌಂಡ್ ಜಾಸ್ತಿ.

ಎಷ್ಟು ಕ್ರೆಡಿಟ್ ಬಿಡಬೇಕು ಅನ್ನುವುದಕ್ಕೆ ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಆರು ತಿಂಗಳು ನೋಡಿ. ಗ್ಯಾಸಿನ ಮುಕ್ಕಾಲು ಪಾಲು ಆಗಲೇ ಉರಿಯುತ್ತದೆ: 8250 ಯೂನಿಟ್, 495 ಪೌಂಡ್. ಕರೆಂಟ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 1500 ಯೂನಿಟ್, 390. ಸ್ಟ್ಯಾಂಡಿಂಗ್ 158. ಒಟ್ಟು 1043. ತಿಂಗಳಿಗೆ 142ರಂತೆ ಆ ಆರು ತಿಂಗಳಲ್ಲಿ ನೀವು ಕಟ್ಟುವುದು 852. ಕೊರತೆ 191. ಚಳಿ ಜೋರಾದರೆ ಅಂತ ಇನ್ನೊಂದು 60 ಬಿಡಿ. 494ರಲ್ಲಿ 240 ಧೈರ್ಯವಾಗಿ ವಾಪಸ್ ಕೇಳಬಹುದು. ಈ ದುಡ್ಡಿಗೆ ಸಾಮಾನ್ಯವಾಗಿ ಬಡ್ಡಿಯೂ ಬರುವುದಿಲ್ಲ (ಬೆಸ್ಕಾಂ ಭದ್ರತಾ ಠೇವಣಿಗಾದರೂ ವರ್ಷಕ್ಕೊಮ್ಮೆ ಬಡ್ಡಿ ಜಮೆಯಾಗುತ್ತದೆ), ಸುಮ್ಮನೆ ಅಲ್ಲಿ ಬಿಡುವುದರಲ್ಲಿ ಅರ್ಥವಿಲ್ಲ.

ನಿಮ್ಮದು ಸ್ಟ್ಯಾಂಡರ್ಡ್ ವೇರಿಯಬಲ್ ಟ್ಯಾರಿಫ್ (ನಿಗದಿಯಾಗಿರದ, ಏರಿಳಿಯುವ ದರ) ಆದರೆ ದರ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಬದಲಾಗಬಹುದು, ಆಗ ಈ ಲೆಕ್ಕ ಮತ್ತೆ ಹಾಕಬೇಕು. ಈ ಟ್ಯಾರಿಫ್‌ಗೆ ನಿಯಂತ್ರಕರು ಹಾಕುವ ಪ್ರೈಸ್ ಕ್ಯಾಪ್ ಅಂದರೆ ಒಟ್ಟು ಬಿಲ್ಲಿಗೆ ಮಿತಿ ಅಂದುಕೊಂಡವರು ಬಹಳ. ಅದು ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜಿಗೆ ಇರುವ ಮಿತಿ.

ಗ್ಲಾಸ್ಗೋದಿಂದ

ಕೇಳುವ ಕ್ರಮ ಮುಖ್ಯ. ಮೊದಲು ರೀಡಿಂಗ್ ಕೊಡಿ, ಹೊಸ ಬಿಲ್ಲು ಬರಲಿ. ಆಮೇಲೆ ಆ್ಯಪ್‌ನಲ್ಲೇ ಕಂತು ಇಳಿಸಲು ನೋಡಿ. ಒಂದು ಮಿತಿಗಿಂತ ಕೆಳಗೆ ಬಿಡದಿದ್ದರೆ ಇಮೇಲ್ ಬರೆಯಿರಿ, ಫೋನ್ ಬೇಡ, ಬರಹದಲ್ಲಿ ಇದ್ದರೆ ಮುಂದೆ ಆಧಾರ. ಮೂರೇ ವಿಷಯ: ‘186 ಪೌಂಡನ್ನು ವರ್ಷಕ್ಕೆ ಎಷ್ಟು ಯೂನಿಟ್ ಅಂತ ಹಿಡಿದು ಲೆಕ್ಕ ಹಾಕಿದ್ದೀರಿ ತಿಳಿಸಿ. ಎರಡು ಆ್ಯಕ್ಚುವಲ್ ರೀಡಿಂಗ್‌ಗಳ ಪ್ರಕಾರ ನನ್ನ ಬಳಕೆ ಇಷ್ಟು, ಕಂತು 142 ಮಾಡಿ. 240 ಪೌಂಡ್ ಕ್ರೆಡಿಟ್ ಮರಳಿಸಿ.’

ಇದು ಅವರ ದಯೆಯಲ್ಲ. ಗ್ಯಾಸ್, ಕರೆಂಟ್ ಕಂಪನಿಗಳ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ಲೈಸೆನ್ಸ್ ನಿಯಮದ ಪ್ರಕಾರ ಕಂತು ಸಿಗುವ ಅತ್ಯುತ್ತಮ, ಇತ್ತೀಚಿನ ಮಾಹಿತಿಯ ಮೇಲೆ ನಿಂತಿರಬೇಕು, ಹೇಗೆ ಬಂತು ಅಂತ ಅರ್ಥವಾಗುವ ಹಾಗೆ ವಿವರಿಸಬೇಕು. ಕೇಳಿದಾಗ ಕ್ರೆಡಿಟ್ ಕೊಡಬೇಕು. ಇಟ್ಟುಕೊಳ್ಳುವುದಾದರೆ ನ್ಯಾಯವಾದ ಕಾರಣ ಇರಬೇಕು. ಒಪ್ಪದಿದ್ದರೆ ಇಮೇಲಿನಲ್ಲಿ ‘ಕಂಪ್ಲೇಂಟ್’ ಅನ್ನುವ ಪದವನ್ನೇ ಬಳಸಿ, ದಿನಾಂಕ ಬರೆದಿಟ್ಟುಕೊಳ್ಳಿ. ಎಂಟು ವಾರ ಕಳೆದರೆ, ಅಥವಾ ಅದಕ್ಕೂ ಮೊದಲು ಅವರು ಡೆಡ್‌ಲಾಕ್ ಪತ್ರ (‘ಇನ್ನು ನಮ್ಮಿಂದ ಆಗದು’ ಅನ್ನುವ ಪತ್ರ) ಕೊಟ್ಟರೆ, ಇಂಥ ದೂರುಗಳನ್ನು ತೀರ್ಮಾನಿಸುವ ಎನರ್ಜಿ ಆಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ.

ಡೈರೆಕ್ಟ್ ಡೆಬಿಟ್ ಗ್ಯಾರಂಟಿಯಲ್ಲಿ (ತಪ್ಪಾಗಿ ತೆಗೆದದ್ದಕ್ಕೆ ಬ್ಯಾಂಕುಗಳು ಕೊಡುವ ಭರವಸೆ) ಬ್ಯಾಂಕಿಂದ ದುಡ್ಡು ವಾಪಸ್ ಪಡೆಯಬಹುದು ಅಂತ ಯಾರಾದರೂ ಹೇಳಿಯಾರು. ತಪ್ಪು ಮೊತ್ತ, ತಪ್ಪು ದಿನ ಅಥವಾ ಮೊದಲೇ ತಿಳಿಸದೆ (ಸಾಮಾನ್ಯವಾಗಿ 10 ಕೆಲಸದ ದಿನ) ತೆಗೆದಿದ್ದರೆ ಮಾತ್ರ ಅದು. ಕಂತು ಹೆಚ್ಚಾಯಿತು ಅಂತ ಬಳಸಿದರೆ ಕಂಪನಿ ಮತ್ತೆ ವಸೂಲಿಗೆ ಬರುತ್ತದೆ.

ಸ್ಲೌನಿಂದ

ಈ ಗೋಜೇ ಬೇಡ ಅನ್ನುವವರು ವೇರಿಯಬಲ್ ಡೈರೆಕ್ಟ್ ಡೆಬಿಟ್ ಕೇಳಿ: ತಿಂಗಳ ಬಿಲ್ಲು ಎಷ್ಟೋ ಅಷ್ಟೇ ಹೋಗುತ್ತದೆ, ಕ್ರೆಡಿಟ್ ಕೂರುವುದಿಲ್ಲ. ಎಲ್ಲ ಕಂಪನಿಯೂ ಎಲ್ಲ ಟ್ಯಾರಿಫ್‌ಗೂ ಕೊಡುವುದಿಲ್ಲ, ಕೇಳಿ ನೋಡಬೇಕು. ಮೀಟರ್ ರೀಡಿಂಗ್ ಪ್ರತಿ ತಿಂಗಳು ತಪ್ಪದೆ ಹೋಗುತ್ತಿರಬೇಕು.

ಮಿಲ್ಟನ್ ಕೀನ್ಸ್‌ನಿಂದ

ಎಲ್ಲರಿಗೂ ಇದನ್ನು ಹೇಳಲಾರೆ. ಇದೇ ಮನೆಗೆ ಜುಲೈನಲ್ಲಿ 90 ಪೌಂಡ್ ಆಸುಪಾಸು, ಜನವರಿಯಲ್ಲಿ 200 ದಾಟುತ್ತದೆ. ಸಂಬಳದಲ್ಲಿ ಬಾಡಿಗೆ ಕಳೆದು ಉಳಿಯುವುದು ಬಿಗಿಯಾಗಿದ್ದರೆ ಸಮಕಂತೇ ಕ್ಷೇಮ.

ಹೌನ್ಸ್‌ಲೋನಿಂದ

ವೀಸಾ ಮುಗಿದು ಫೆಬ್ರವರಿಯಲ್ಲಿ ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದೇವೆ. ಕ್ರೆಡಿಟ್ ಸಿಗುತ್ತದಾ? ನಡುವೆ ಕಂಪನಿಯೇ ಮುಚ್ಚಿಹೋದರೆ?

ಗ್ಲಾಸ್ಗೋದಿಂದ

ಮುಚ್ಚಿದರೆ ಆಫ್‌ಜೆಮ್ ಬೇರೆ ಕಂಪನಿಗೆ ವಹಿಸುತ್ತದೆ, ಮನೆ ಗ್ರಾಹಕರ ಕ್ರೆಡಿಟ್‌ಗೆ ರಕ್ಷಣೆ ಇದೆ. 2021ರಲ್ಲಿ ಸಾಲುಸಾಲು ಕಂಪನಿಗಳು ಬಿದ್ದಾಗ ನಡೆದದ್ದು ಹೀಗೆಯೇ. ಹೊಸ ಕಂಪನಿ ಸಂಪರ್ಕಿಸುವವರೆಗೆ ಡೈರೆಕ್ಟ್ ಡೆಬಿಟ್ ಮುಟ್ಟಬೇಡಿ, ರೀಡಿಂಗಿನ ಫೋಟೋ ಮತ್ತು ಬ್ಯಾಲೆನ್ಸಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮನೆ ಬಿಡುವುದಾದರೆ ತಾರೀಖನ್ನು ಮೊದಲೇ ತಿಳಿಸಿ, ಕೀ ಕೊಡುವ ದಿನ ಎರಡೂ ಮೀಟರಿನ ಫೋಟೋ ತೆಗೆದು ಅದೇ ದಿನ ರೀಡಿಂಗ್ ಕೊಡಿ. ಇಲ್ಲದಿದ್ದರೆ ಮುಂದೆ ಬರುವ ಬಾಡಿಗೆದಾರರ ಬಳಕೆಯೂ ನಿಮ್ಮ ಲೆಕ್ಕಕ್ಕೆ ಬರಬಹುದು. ಫೈನಲ್ ಬಿಲ್ಲಿಗೆ ಆರು ವಾರದವರೆಗೆ ಕಾಲಾವಕಾಶ ಇದೆ, ಅದು ಬಂದು ಕ್ರೆಡಿಟ್ ಕೈಸೇರುವವರೆಗೆ ಇಲ್ಲಿನ ಬ್ಯಾಂಕ್ ಅಕೌಂಟ್ ಮುಚ್ಚಬೇಡಿ. ಮುಚ್ಚಿದರೆ ಪೌಂಡಿನ ಚೆಕ್ಕು ಹಳೇ ವಿಳಾಸಕ್ಕೆ ಹೋಗಿ ಬೀಳುವ ಸಂಭವವಿದೆ, ಅದನ್ನು ಬೆಂಗಳೂರಿನಿಂದ ನಗದು ಮಾಡಿಸುವುದು ದೊಡ್ಡ ಪಾಡು. ಬಿಲ್ಲು ಕಳಿಸುವ ವಿಳಾಸ ಮತ್ತು ಇಮೇಲನ್ನೂ ಹೊರಡುವ ಮೊದಲೇ ಬದಲಿಸಿ.