ಪದಚರ್ಚೆ: ಲೈಬ್ರರಿ ‘ಇಲ್ಲ’ ಅನ್ನೋಣವೋ, ‘ಸಿಗಲಿಲ್ಲ’ ಅನ್ನೋಣವೋ?

ಗೆಳೆಯರೇ,

ರೋಬೋಟ್ ಸಾಫ್ಟ್‌ವೇರ್ ಹಾಕಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಸಹಾಯ ಪುಟ ಬರೆಯುತ್ತಿದ್ದೇನೆ. ಮುಖ್ಯವಾಗಿ ಉಬುಂಟು (ಒಂದು ಬಗೆಯ ಲಿನಕ್ಸ್) ಮೇಲೆ ರೋಸ್ (ರೋಬೋಟ್ ಪ್ರೋಗ್ರಾಮ್ ಬರೆಯಲು ಬೇಕಾದ ಸಾಧನಗಳ ಕಟ್ಟು) ಬಳಸುವವರಿಗೆ. ‘ಅನುಸ್ಥಾಪಿಸು’ ಅಂತ ಬರೆಯಲು ಮನಸ್ಸು ಬರಲಿಲ್ಲ. ಎಲ್ಲರೂ ‘ರೋಸ್ ಹಾಕಿದೆ’ ಅನ್ನುತ್ತಾರೆ, ನಾನೂ ‘ಹಾಕು’ ಅಂತಲೇ ಬರೆದಿದ್ದೇನೆ. ಲೈಬ್ರರಿಯನ್ನು (ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡ್‌ನ ಕಡತ) ‘ಗ್ರಂಥಾಲಯ’ ಮಾಡುವ ಗೋಜಿಗೂ ಹೋಗಿಲ್ಲ. ಆದರೆ ಒಂದು ಎರರ್ ಸಾಲು ಮಾತ್ರ ಜಗ್ಗುತ್ತಿಲ್ಲ. ಕ್ಯಾಮೆರಾ ಚಿತ್ರ ಸಂಸ್ಕರಿಸುವ ಓಪನ್‌ಸಿವಿ ಲೈಬ್ರರಿ ಲೋಡ್ ಆಗದಿದ್ದಾಗ ಟರ್ಮಿನಲ್‌ನಲ್ಲಿ ಅದು ಹೀಗೆ ಬರುತ್ತದೆ:

ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಓಪನ್‌ಸಿವಿ_ಕೋರ್.ಎಸ್‌ಒ.4.2: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ

ಕೊನೆಯ ತುಂಡಿಗೆ ಸಲೀಸಾಗಿ ಹೊಳೆಯುವ ಕನ್ನಡ ‘ಅಂಥ ಕಡತ ಇಲ್ಲ’. ಅಲ್ಲೇ ನನ್ನ ತಕರಾರು. ಈ ಎರರ್ ಬಂದಾಗ ಎಷ್ಟೋ ಸಲ ಆ ಕಡತ ಡಿಸ್ಕಿನಲ್ಲಿ ಇರುತ್ತದೆ. ‘ಇಲ್ಲ’ ಅಂತ ಓದಿದವರು ಮತ್ತೆ ಡೌನ್‌ಲೋಡ್ ಮಾಡುತ್ತಾರೆ, ಎಲ್ಲ ತೆಗೆದು ಮತ್ತೆ ಹಾಕುತ್ತಾರೆ. ಎರರ್ ಮಾತ್ರ ಹಾಗೇ ಇರುತ್ತದೆ. ಇಲ್ಲಿ ಬೇಕಾದ ಮಾತು ‘ಸಿಗಲಿಲ್ಲ’ ಅಂತ ನನಗೆ ಅನಿಸುತ್ತದೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರೋಗ್ರಾಮ್ ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಲೋಡರ್ ಹುಡುಕಿ ತರುತ್ತದೆ. ಆದರೆ ಅದು ಇಡೀ ಡಿಸ್ಕನ್ನು ಜಾಲಾಡುವುದಿಲ್ಲ. ಪ್ರೋಗ್ರಾಮಿನೊಳಗೇ ಬರೆದಿಟ್ಟ ಹಾದಿ, ಎಲ್‌ಡಿ_ಲೈಬ್ರರಿ_ಪಾತ್ ಅನ್ನೋ ವೇರಿಯಬಲ್ಲಿನಲ್ಲಿರುವ ಹಾದಿ, ಎಲ್‌ಡಿಕಾನ್ಫಿಗ್ ಕಮಾಂಡ್ ಮಾಡಿಟ್ಟ ಲೈಬ್ರರಿಗಳ ಪಟ್ಟಿ, ಆಮೇಲೆ ಸಿಸ್ಟಮ್ಮಿನ ಮಾಮೂಲಿ ಫೋಲ್ಡರ್‌ಗಳು, ಅಷ್ಟೇ. ಈ ಕಡೆಗಳಲ್ಲಿ ಕಾಣದಿದ್ದರೆ ಅದರ ಲೆಕ್ಕಕ್ಕೆ ಕಡತವೇ ಇಲ್ಲ.

ರೋಸ್ ಬಂದು ಕೂರುವುದು ಆಪ್ಟ್ ಫೋಲ್ಡರ್ ಒಳಗಿನ ರೋಸ್ ಫೋಲ್ಡರ್‌ನಲ್ಲಿ. ಅದು ಈ ಮಾಮೂಲಿ ಜಾಗಗಳಲ್ಲಿ ಒಂದಲ್ಲ. ಅದಕ್ಕೇ ಪ್ರತಿ ಹೊಸ ಟರ್ಮಿನಲ್‌ನಲ್ಲಿ ಸೆಟಪ್.ಬ್ಯಾಶ್ ಕಡತವನ್ನು ಸೋರ್ಸ್ ಮಾಡಿ (ಅದರ ಸಾಲುಗಳನ್ನು ಆ ಟರ್ಮಿನಲ್‌ನಲ್ಲೇ ಓಡಿಸಿ) ಅನ್ನುವುದು. ಆ ಒಂದು ಸಾಲು ಹುಡುಕುವ ಹಾದಿಗೆ ರೋಸ್‌ನ ಫೋಲ್ಡರ್ ಸೇರಿಸುತ್ತದೆ. ಮರೆತರೆ ಲೈಬ್ರರಿ ಇದ್ದಲ್ಲೇ ಇರುತ್ತದೆ, ಲೋಡರ್‌ಗೆ ಸಿಗುವುದಿಲ್ಲ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಸೇರಿಸಿ ಓಡಿಸಿದರೂ ಇದೇ ಗತಿ, ಯಾಕಂದ್ರೆ ಸುಡೋ ಎಲ್‌ಡಿ_ಲೈಬ್ರರಿ_ಪಾತ್ ವೇರಿಯಬಲ್ಲನ್ನು ದಾಟಿಸುವುದಿಲ್ಲ. ರೋಬೋಟ್ ಆನ್ ಆದ ಕೂಡಲೇ ತಾನಾಗಿ ಶುರುವಾಗಲಿ ಅಂತ ಸಿಸ್ಟಮ್‌ಡಿ ಸರ್ವಿಸ್ ಮಾಡಿದವರಿಗೂ ಈ ಕಾಟ ತಪ್ಪಿದ್ದಲ್ಲ. ಕೈಯಿಂದ ಓಡಿಸಿದರೆ ಓಡುತ್ತದೆ, ಬೂಟ್‌ನಲ್ಲಿ ಓಡುವುದಿಲ್ಲ. ಟರ್ಮಿನಲ್ ತೆರೆದಾಗ ಓಡುವ ನಿಮ್ಮ ಬ್ಯಾಶ್‌ಆರ್‌ಸಿ ಕಡತದಲ್ಲಿ ಆ ಸೋರ್ಸ್ ಸಾಲು ಬರೆದಿದ್ದರೂ, ಸರ್ವಿಸ್ ಅದನ್ನು ಓದುವುದಿಲ್ಲ ಅಲ್ವಾ!

ಹಾಗಾದ್ರೆ ಮೂಲ ಸಾಲಿನಲ್ಲಿ ‘ಇಲ್ಲ’ ಅಂತ ಯಾಕಿದೆ? ಅದು ಒಂದೇ ಉಸಿರಿನಲ್ಲಿ ಬರೆದ ವಾಕ್ಯ ಅಲ್ಲ. ಕೋಲನ್ ಹಾಕಿ ಅಂಟಿಸಿದ ತುಂಡುಗಳು. ‘ತೆರೆಯಲಾಗಲಿಲ್ಲ’ ಅನ್ನುವುದು ಲೋಡರ್‌ನ ಮಾತು. ಬಾಲದಲ್ಲಿರುವುದು ಸಿಸ್ಟಮ್ಮಿನ ಸಿದ್ಧ ಸಂದೇಶ. ಇಲ್ಲದ ಕಡತವನ್ನು ಕ್ಯಾಟ್ (ಕಡತದ ಒಳಗಿನದನ್ನು ತೋರಿಸುವ) ಕಮಾಂಡ್‌ಗೆ ಕೊಟ್ಟಾಗ ಬರುವ ಸಾಲೂ ಇದೇ. ಅಲ್ಲಿ ‘ಅಂಥ ಕಡತ ಇಲ್ಲ’ ಸರಿಯಾಗಿಯೇ ಇದೆ, ನಾವೇ ಜಾಗ ತೋರಿಸಿದ್ದೆವು, ಅಲ್ಲಿ ಇರಲಿಲ್ಲ. ಲೋಡರ್‌ನ ಸಂಗತಿ ಬೇರೆ. ಅದಕ್ಕೆ ಕೊಟ್ಟಿದ್ದು ಹೆಸರು ಮಾತ್ರ, ಜಾಗ ಅಲ್ಲ. ಒಂದೇ ತುಂಡು ನೂರು ಕಡೆ ಬಳಕೆಯಾಗುವಾಗ ಅನುವಾದಕರ ಕೈಯೂ ಕಟ್ಟಿರುತ್ತದೆ, ಒಪ್ಪುತ್ತೇನೆ. ಆದರೆ ಸಹಾಯ ಪುಟದಲ್ಲಿ ನಮ್ಮ ಕೈ ಕಟ್ಟಿದವರು ಯಾರೂ ಇಲ್ಲ.

ಒಂದು ಮಜಾ ನೋಡಿ. ಅದೇ ಪ್ರೋಗ್ರಾಮಿನ ಮೇಲೆ ಎಲ್‌ಡಿಡಿ ಕಮಾಂಡ್ ಓಡಿಸಿದರೆ ಬೇಕಾದ ಲೈಬ್ರರಿಗಳ ಪಟ್ಟಿ ಬರುತ್ತದೆ. ಸಿಕ್ಕಿದ್ದರ ಮುಂದೆ ಬಾಣ, ಬಾಣದ ಮುಂದೆ ಪೂರ್ತಿ ಹಾದಿ. ಸಿಗದಿದ್ದರ ಮುಂದೆ ‘ನಾಟ್ ಫೌಂಡ್’. ಅಂದ್ರೆ ‘ಸಿಗಲಿಲ್ಲ’. ಎಲ್‌ಡಿ_ಡೀಬಗ್ ಅನ್ನೋ ವೇರಿಯಬಲ್ಲನ್ನು ಲಿಬ್ಸ್ ಅಂತ ಇಟ್ಟು ಓಡಿಸಿದರೆ ಲೋಡರ್ ಎಲ್ಲೆಲ್ಲಿ ಹುಡುಕಿತು ಅಂತ ಒಂದೊಂದೇ ಜಾಗ ಬರೆದು ತೋರಿಸುತ್ತದೆ. ‘ಹುಡುಕಿತು, ಸಿಗಲಿಲ್ಲ’ ಅನ್ನೋ ಜೋಡಿ ಕನ್ನಡದಲ್ಲಿ ಎಷ್ಟು ಸಹಜವಾಗಿ ಕೂರುತ್ತದೆ! ‘ಸಿಗಲಿಲ್ಲ’ ಅಂದ ತಕ್ಷಣ ಮುಂದಿನ ಪ್ರಶ್ನೆ ‘ಎಲ್ಲಿ ಹುಡುಕಿದೆ?’ ಅಂತ ತಾನೇ ಬರುತ್ತದೆ. ‘ಇಲ್ಲ’ ಅಂದ್ರೆ ಮಾತು ಅಲ್ಲಿಗೇ ನಿಲ್ಲುತ್ತದೆ.

‘ಕಾಣೆಯಾಗಿದೆ’ ಅಂತಲೂ ಕೆಲವರು ಬರೆಯುತ್ತಾರೆ. ಕಾಣೆಯಾಗಬೇಕಾದರೆ ಮೊದಲು ಇದ್ದಿರಬೇಕು. ಹೊಸದಾಗಿ ಹಾಕಿದ ಗಣಕದಲ್ಲಿ ಯಾವತ್ತೂ ಇಲ್ಲದ ಲೈಬ್ರರಿ ಕಾಣೆಯಾಗುವುದು ಹೇಗೆ? ಅಲ್ಲಿ ಸುಮ್ನೆ ‘ಹಾಕಿಲ್ಲ’ ಅನ್ನಬಹುದು. ಆಗ ರೋಸ್‌ನ ರೋಸ್‌ಡೆಪ್ ಇನ್‌ಸ್ಟಾಲ್ ಕಮಾಂಡ್ ಓಡಿಸಿದರೆ ಪ್ಯಾಕೇಜುಗಳು ತಮಗೆ ಬೇಕು ಅಂತ ಬರೆದುಕೊಂಡಿದ್ದನ್ನೆಲ್ಲ ತಂದು ಹಾಕುತ್ತದೆ.

ಆದರೆ ‘ಕಾಣೆ’ ಸರಿಹೊಂದುವ ಜಾಗವೂ ಒಂದಿದೆ. ಉಬುಂಟು 20.04ರಲ್ಲಿ ಇದ್ದದ್ದು ಓಪನ್‌ಸಿವಿ 4.2. 22.04ಕ್ಕೆ ಬಂದರೆ ಅದು 4.5. ಹಳೆಯದರಲ್ಲಿ ಬಿಲ್ಡ್ ಮಾಡಿದ ಕ್ಯಾಮೆರಾ ನೋಡ್ (ರೋಸ್‌ನಲ್ಲಿ ಓಡುವ ಒಂದು ಪ್ರೋಗ್ರಾಮ್) ಹೊಸದರಲ್ಲೂ 4.2 ಅನ್ನೇ ಹೆಸರು ಹಿಡಿದು ಕೇಳುತ್ತದೆ. ಇತ್ತು, ಈಗ ಇಲ್ಲ. ಇಲ್ಲಿ ‘ಕಾಣೆಯಾಗಿದೆ’ ಒಪ್ಪುತ್ತದೆ. ಆಗ 4.5ಕ್ಕೆ 4.2 ಅಂತ ಹೆಸರು ಹಚ್ಚಿ ಸಿಮ್‌ಲಿಂಕ್ (ಬೇರೆ ಕಡತದತ್ತ ಕೈ ತೋರಿಸುವ ಅಡ್ಡಹೆಸರು) ಮಾಡುವವರಿದ್ದಾರೆ. ದಯವಿಟ್ಟು ಬೇಡ. ಹೆಸರು ಬದಲಾದರೆ ಒಳಗಿನದು ಬದಲಾಗುವುದಿಲ್ಲ. ಸರಿಯಾದ ದಾರಿ, ವರ್ಕ್‌ಸ್ಪೇಸ್‌ನ (ನಿಮ್ಮ ಕೋಡ್ ಇರುವ ಫೋಲ್ಡರ್) ಬಿಲ್ಡ್, ಇನ್‌ಸ್ಟಾಲ್ ಫೋಲ್ಡರ್ ಅಳಿಸಿ ಬಿಲ್ಡ್ ಸಾಧನ ಕೋಲ್ಕನ್‌ನಿಂದ ಮತ್ತೆ ಬಿಲ್ಡ್ ಮಾಡುವುದು. ರೋಸ್ ಆವೃತ್ತಿಯೂ ಉಬುಂಟು ಜೊತೆ ಹೊಂದಬೇಕು. ನೊಯೆಟಿಕ್ 20.04ಕ್ಕೆ, ಹಂಬಲ್ 22.04ಕ್ಕೆ, ಜಾಝಿ 24.04ಕ್ಕೆ.

ಇನ್ನು ‘ಶೇರ್ಡ್’. ಇದು ನನ್ನನ್ನು ಜಾಸ್ತಿ ಕಾಡಿದ ಪದ. ಪದಪಟ್ಟಿಗಳ ಜಾಡು ಹಿಡಿದರೆ ‘ಹಂಚಿಕೆಯ’, ‘ಹಂಚಿದ’ ಅಂತ ಬರುತ್ತದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು ಅಂದ್ರೆ ಏನರ್ಥ? ಬೇರೆಯಾದರು ಅಂತ. ಒಬ್ಬೊಬ್ಬರಿಗೆ ಒಂದೊಂದು ಪಾಲು. ಶೇರ್ಡ್ ಲೈಬ್ರರಿಯಲ್ಲಿ ಆಗುವುದು ಇದರ ಉಲ್ಟಾ. ಡಿಸ್ಕಿನಲ್ಲಿ ಒಂದೇ ಪ್ರತಿ, ಅದರ ಕೋಡ್ ಮೆಮೊರಿಯಲ್ಲೂ ಸಾಮಾನ್ಯವಾಗಿ ಒಂದೇ ಪ್ರತಿ, ಹತ್ತು ನೋಡ್‌ಗಳು ಅದನ್ನೇ ಬಳಸುತ್ತವೆ. ಯಾರಿಗೂ ಪಾಲು ಇಲ್ಲ. ನಿಜ ಹೇಳಬೇಕಂದ್ರೆ ‘ಹಂಚಿದ’ ಅನ್ನುವುದು ಸ್ಟ್ಯಾಟಿಕ್ ಲೈಬ್ರರಿಗೇ ಹೆಚ್ಚು ಹೊಂದುತ್ತದೆ. ಅಲ್ಲಿ ಪ್ರತಿ ಪ್ರೋಗ್ರಾಮಿನ ಹೊಟ್ಟೆಯೊಳಗೂ ಒಂದೊಂದು ಪ್ರತಿ ಸೇರಿಕೊಂಡಿರುತ್ತದೆ. ‘ಸುದ್ದಿ ಹಂಚಿಕೊಂಡರು’ ಅಂತ ಈಗ ಎಲ್ಲರೂ ಬರೆಯುತ್ತೇವಲ್ಲ, ಅಲ್ಲಿ ಸುದ್ದಿ ತುಂಡಾಗುವುದಿಲ್ಲವಲ್ಲ ಅಂತ ನೀವು ಕೇಳಬಹುದು. ಹೌದು, ಬಳಕೆ ಆ ಕಡೆ ವಾಲಿದೆ. ಆದರೂ ‘ಹಂಚಿದ ಲೈಬ್ರರಿ’ ಅಂತ ಮೊದಲ ಸಲ ಓದುವ ವಿದ್ಯಾರ್ಥಿಗೆ ಅದು ಯಾರ್ಯಾರಿಗೋ ಕಳಿಸಿಕೊಟ್ಟ ಲೈಬ್ರರಿ ಅಂತ ಅನಿಸುವ ಸಾಧ್ಯತೆಯೇ ಜಾಸ್ತಿ.

‘ಜಂಟಿ’ ಅಂದ್ರೆ ಇಬ್ಬರ ಖಾತೆಯ ನೆನಪಾಗುತ್ತದೆ. ‘ಸಾಮಾನ್ಯ’ಕ್ಕೆ ಮಾಮೂಲಿ ಅನ್ನೋ ಅರ್ಥ ಅಂಟಿಕೊಂಡಿದೆ. ಸದ್ಯಕ್ಕೆ ‘ಕೂಡುಬಳಕೆ ಲೈಬ್ರರಿ’ ಅಂತ ಇಟ್ಟುಕೊಂಡಿದ್ದೇನೆ. ಕೂಡುಕುಟುಂಬದ ಕೂಡು. ಕಿವಿಗೆ ಸ್ವಲ್ಪ ಹೊಸತು, ಆದರೆ ದಾರಿ ತಪ್ಪಿಸುವುದಿಲ್ಲ.

‘ಡಿಪೆಂಡೆನ್ಸಿ’ಗೆ (ಒಂದು ಪ್ರೋಗ್ರಾಮ್ ಓಡಲು ಬೇಕಾದ ಬೇರೆ ಲೈಬ್ರರಿ) ‘ಅವಲಂಬನೆ’ ಬಿಟ್ಟು ‘ಬೇಕು’ ಬಳಸಿದ್ದೇನೆ. ‘ಅವಲಂಬನೆ ಸಿಗಲಿಲ್ಲ’ ಅಂದ್ರೆ ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಅಂತ ತಿಳಿಯುವುದಿಲ್ಲ. ಮೂಲ ಎರರ್‌ನಲ್ಲೂ ಇದೇ ಕೊರತೆ. ಓಪನ್‌ಸಿವಿ ಬೇಕಿದ್ದದ್ದು ನಾವು ಓಡಿಸಿದ ನೋಡ್‌ಗೇ ಆಗಿರಬೇಕಿಲ್ಲ, ಅದು ಎಳೆದು ತಂದ ಸಿವಿ ಬ್ರಿಡ್ಜ್ ಅನ್ನೋ ಇನ್ನೊಂದು ಲೈಬ್ರರಿಗೂ ಇರಬಹುದು. ಕನ್ನಡದಲ್ಲಿ ‘ಸಿವಿ ಬ್ರಿಡ್ಜ್‌ಗೆ ಬೇಕಾದ ಓಪನ್‌ಸಿವಿ 4.2 ಸಿಗಲಿಲ್ಲ’ ಅಂದ್ರೆ ಯಾರಿಗೆ, ಏನು, ಏನಾಯಿತು, ಮೂರೂ ಒಂದೇ ಸಾಲಿನಲ್ಲಿ ಬಂದವು.

ನಿಮ್ಮ ಸಹಾಯ ಬೇಕಾದದ್ದು ಎರಡು ಕಡೆ. ‘ಕೂಡುಬಳಕೆ’ಗಿಂತ ಸಲೀಸಾದ ಪದ ನಿಮ್ಮ ಬಳಕೆಯಲ್ಲಿ ಇದೆಯಾ? ಎರಡನೆಯದು ‘ಅನ್‌ಡಿಫೈನ್ಡ್ ಸಿಂಬಲ್’. ಮೇಲೆ ಹೇಳಿದ ಸಿಮ್‌ಲಿಂಕ್ ಮಾಡಿದವರಿಗೆ ಎಷ್ಟೋ ಸಲ ಸಿಗುವ ಬಹುಮಾನ ಇದೇ. ಲೈಬ್ರರಿ ಸಿಕ್ಕಿತು, ತೆರೆಯಿತು, ಆದರೆ ಬೇಕಾದ ಫಂಕ್ಷನ್ ಆ ಹೆಸರಿನಲ್ಲಿ ಅದರೊಳಗೆ ಇಲ್ಲ. ಇಲ್ಲಿ ‘ಇಲ್ಲ’ವೇ ಸರಿ ಅಂತ ನನಗನಿಸುತ್ತದೆ. ಆದರೆ ‘ಸಿಂಬಲ್’ಗೆ ‘ಸಂಕೇತ’ ಅಂದ್ರೆ ಓದುವವರು ಯಾವುದೋ ಚಿಹ್ನೆ ಹುಡುಕಲು ಹೊರಡುತ್ತಾರೆ. ‘ಹೆಸರು’ ಅಂತ ಬರೆದರೆ ಸಾಕಾಗುತ್ತದಾ, ಅಥವಾ ‘ಸಿಂಬಲ್’ ಅಂತಲೇ ಬಿಡೋಣವಾ?