1933ರ ಲಂಡನ್ ಹಡಗಿನ ಪಟ್ಟಿಯಲ್ಲಿ ಶಿರ್ವದ ಡಿಸೋಜ ಸಿಗುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಶಿರ್ವ_ಮನೆ:
ಅಜ್ಜನ ಅಣ್ಣ 1933ರಲ್ಲಿ ವೈದ್ಯಕೀಯ ಓದಿಗೆಂದು ಬೊಂಬಾಯಿಯಲ್ಲಿ ಹಡಗು ಹತ್ತಿದ್ದು. ಕೈಯಲ್ಲಿರುವ ಆಧಾರ ಇಷ್ಟೇ: ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬಸ್ತ್ಯಾಂವ್, ಹುಟ್ಟಿದ್ದು 1907, ಈಜಿಪ್ಟಿನ ಪೋರ್ಟ್ ಸೈದಿನಿಂದ ಹಾಕಿದ ಒಂದು ಕಾರ್ಡು. ಕಾರ್ಡಿನ ಠಸ್ಸೆ 19 ಸೆಪ್ಟೆಂಬರ್ 1933. ಮೇಲೆ ಪಿ ಅಂಡ್ ಓ ಹಡಗು ಕಂಪೆನಿಯ ಬಾವುಟ ಅಚ್ಚಾಗಿದೆ, ಹಡಗಿನ ಹೆಸರಿಲ್ಲ. ವಂಶಾವಳಿ ಹುಡುಕುವ ವೆಬ್‌ಸೈಟ್ ಆನ್ಸೆಸ್ಟ್ರಿಯಲ್ಲಿ ಬಿಟಿ 26 ಸಂಗ್ರಹಕ್ಕೆ ಹೋಗಿ ‘ಡಿಸೋಜ, ಮಂಗಳೂರು, 1907’ ಎಂದು ಕೊಟ್ಟರೆ ಸೊನ್ನೆ. ಊರು ತೆಗೆದರೆ ರಾಶಿ ರಾಶಿ ಹೆಸರು. ಮಂಗಳೂರಿನಿಂದ ಹೊರಟವರ ಪಟ್ಟಿ ಬೇರೆ ಎಲ್ಲಾದರೂ ಉಂಟಾ?

ಬಂದರು_ದಕ್ಕೆ:
ಊರಿನ ಹೆಸರು ಹಾಕಿದ್ದೇ ತಪ್ಪಾದದ್ದು. ಬಿಟಿ 26 ಅಂದರೆ ಬ್ರಿಟನ್ನಿಗೆ ಬಂದಿಳಿದವರ ಪಟ್ಟಿ, 1878ರಿಂದ 1960ರ ತನಕದ್ದು. ಅದರಲ್ಲಿ ಹುಟ್ಟಿದ ಊರಿನ ಕಾಲಮ್ಮೇ ಇಲ್ಲ. ಹೆಸರು, ಹತ್ತಿದ ಬಂದರು, ಕ್ಲಾಸು, ವಯಸ್ಸು, ಇಂಗ್ಲೆಂಡಿನಲ್ಲಿ ಇಳಿದುಕೊಳ್ಳುವ ವಿಳಾಸ, ಕಸುಬು, ಹಿಂದೆ ಕಾಯಂ ಇದ್ದ ದೇಶ, ಮುಂದೆ ಇರಲಿರುವ ದೇಶ, ಇಷ್ಟೇ. ದೇಶದ ಕಾಲಮ್ಮಿನಲ್ಲಿ ‘ಇಂಡಿಯಾ’ ಎಂದು ಬರೆದು ಗುಮಾಸ್ತ ಮುಂದೆ ಹೋಗಿರುತ್ತಾನೆ. ಹುಟ್ಟೂರು ಬರೆಸುತ್ತಿದ್ದದ್ದು ಅಮೆರಿಕದ ಪಟ್ಟಿಗಳಲ್ಲಿ. ಆ ಅಭ್ಯಾಸದಲ್ಲಿ ಇಲ್ಲಿ ಹುಡುಕಿದರೆ ಎಂತ ಸಹ ಸಿಗುವುದಿಲ್ಲ. ಮತ್ತೊಂದು, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲೂ ಟಾಸ್ಮೇನಿಯಾದಲ್ಲೂ ಮಂಗಳೂರು ಹೆಸರಿನ ಊರುಗಳಿವೆ. ಬೇರೆ ದಾಖಲೆಗಳಲ್ಲಿ ಆ ಹೆಸರು ಕಂಡರೆ ಕೂಡಲೇ ನಂಬಬೇಡಿ.

ಮಂಗಳೂರಿನಿಂದ ಹೊರಟ ಪಟ್ಟಿಯನ್ನು ಹುಡುಕಲು ಸಮಯ ಹಾಕಬೇಡಿ. ಆಗ ಇಲ್ಲಿಂದ ಬೊಂಬಾಯಿಗೆ ಕರಾವಳಿ ಸ್ಟೀಮರಿನಲ್ಲಿ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತುವುದು. ನಿಮಗೆ ಬೇಕಾದ ಪಟ್ಟಿ ಆ ದೊಡ್ಡ ಹಡಗಿನದ್ದು.

ಕಲ್ಯಾಣಪುರ_ವಂಶಾವಳಿ:
ಹೆಸರಿನ ವಿಷಯ ನಾನು ಹೇಳುತ್ತೇನೆ. ಬಸ್ತ್ಯಾಂವ್ ಅಂದರೆ ಸೆಬಾಸ್ಟಿಯನ್. ಇಗರ್ಜಿಯ ಜ್ಞಾನಸ್ನಾನದ ಪುಸ್ತಕ ಲ್ಯಾಟಿನ್‌ನಲ್ಲಿದ್ದರೆ ಅಲ್ಲಿ ಸೆಬಾಸ್ಟಿಯಾನುಸ್ ಎಂದು ನೋಡಿ. ಹಡಗಿನ ಪಟ್ಟಿಯಲ್ಲಿ ಪೂರ್ತಿ ಹೆಸರಿನ ಬದಲು ಬರೀ ‘ಎಸ್.’ ಇರುವ ಸಾಧ್ಯತೆಯೇ ಹೆಚ್ಚು.

ಡಿಸೋಜದ ತೊಂದರೆ ಇಂಗ್ಲಿಷಿನಲ್ಲಿ ‘ಡಿ’ ಆದಮೇಲೆ ಹಾಕುವ ಅಪಾಸ್ಟ್ರಫಿಯಿಂದ. ಪಟ್ಟಿ ನೋಡಿ ವೆಬ್‌ಸೈಟಿಗೆ ಹೆಸರುಗಳ ಸೂಚಿ ಮಾಡುವವರು ‘ಡಿ’ಯನ್ನು ಹೆಸರಿನ ಕಡೆಗೆ ತಳ್ಳಿ, ಸೋಝ ಮಾತ್ರ ಮನೆತನದ ಹೆಸರೆಂದು ಹಾಕಿರುತ್ತಾರೆ. ಹಾಗಾಗಿ ಮೂರು ಸಲ ಬೇರೆ ಬೇರೆಯಾಗಿ ಹುಡುಕಿ: ಡಿಸೋಜ ಒಟ್ಟಿಗೆ, ‘ಡಿ’ಯ ಬದಲು ‘ಡೆ’ ಸೇರಿಸಿ, ಕೊನೆಗೆ ‘ಡಿ’ ಇಲ್ಲದೆ ಸೋಝ ಮಾತ್ರ. ಝಡ್ ಇರುವ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಎಸ್ ಬರೆದಿದ್ದರೂ ಸಿಗುತ್ತದೆ. ಅದು ಒಂದು ಅಕ್ಷರದ ಬದಲಿಗೆ, ನಕ್ಷತ್ರ ಎಷ್ಟು ಅಕ್ಷರ ಬೇಕಾದರೂ ಸರಿ.

ವರ್ಷಕ್ಕೆ 1907 ಎಂದು ಕಟ್ಟಿಹಾಕಬೇಡಿ. ಪಟ್ಟಿಯಲ್ಲಿರುವುದು ವಯಸ್ಸು. ಸೂಚಿಯಲ್ಲಿ ಕಾಣುವ ಜನ್ಮವರ್ಷ ಆ ವಯಸ್ಸನ್ನು ಕಳೆದು ತೆಗೆದದ್ದು. ಡಿಸೆಂಬರಿನಲ್ಲಿ ಹುಟ್ಟಿದ್ದರೆ ಸೆಪ್ಟೆಂಬರ್ 1933ಕ್ಕೆ ಅವರಿಗೆ 25, ಸೂಚಿ 1908 ಎನ್ನುತ್ತದೆ. ಆಚೀಚೆ ಎರಡು ವರ್ಷ ಬಿಡಿ.

ಬಂದರು_ದಕ್ಕೆ:
ಆ ಕಾರ್ಡು ನಿಮಗೆ ಸಿಕ್ಕಿದ ಚಿನ್ನ ಮಾರಾಯ್ರೆ. ಬೊಂಬಾಯಿಯಿಂದ ಲಂಡನ್ ಹತ್ತಿರದ ಟಿಲ್ಬರಿ ಬಂದರಿಗೆ ಆಗ ಸುಮಾರು ಮೂರು ವಾರದ ದಾರಿ, ಪೋರ್ಟ್ ಸೈದ್ ಹೆಚ್ಚುಕಡಿಮೆ ನಡುದಾರಿ. 19ಕ್ಕೆ ಅಲ್ಲಿದ್ದರೆ 27 ಸೆಪ್ಟೆಂಬರಿನಿಂದ 4 ಅಕ್ಟೋಬರಿನ ಒಳಗೆ ಇಂಗ್ಲೆಂಡ್ ಮುಟ್ಟಿರಬೇಕು. ಆ ಒಂದು ವಾರದಲ್ಲಿ ಲಂಡನ್ ಅಥವಾ ಟಿಲ್ಬರಿಗೆ ಬಂದ ಪಿ ಅಂಡ್ ಓ ಹಡಗುಗಳನ್ನು ಮಾತ್ರ ತೆಗೆಯಿರಿ, ಬೆರಳೆಣಿಕೆಯಷ್ಟೇ ಇರುತ್ತವೆ. ಹೆಸರು ಕೊಟ್ಟು ಹುಡುಕುವುದನ್ನು ನಿಲ್ಲಿಸಿ, ಒಂದೊಂದು ಹಡಗಿನ ಪುಟಗಳನ್ನು ಕಣ್ಣಿನಿಂದಲೇ ಓದಿ. ಪ್ಲಿಮತ್‌ನಲ್ಲಿ ಇಳಿದವರನ್ನೂ ಬಿಡಬೇಡಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಉಂಟು. ಹೊರಟ ಬಂದರು ‘ಬೊಂಬಾಯಿ’ ಎಂದು ಸೋಸಿದರೆ ಅರ್ಧ ಹಡಗುಗಳು ಮಾಯ. ಸೂಚಿಯಲ್ಲಿ ಹೆಚ್ಚಾಗಿ ಇರುವುದು ಹಡಗು ಯಾನ ಸುರು ಮಾಡಿದ ಬಂದರು. ಸ್ಟ್ರಾತ್‌ನೇವರ್, ಸ್ಟ್ರಾತ್‌ಏರ್ಡ್‌ನಂಥ ಹಡಗುಗಳು ಆಸ್ಟ್ರೇಲಿಯಾದಿಂದ ಹೊರಟು ಬೊಂಬಾಯಿ ಮುಟ್ಟಿ ಬರುತ್ತಿದ್ದವು. ನಿಮ್ಮ ಜನ ಬೊಂಬಾಯಿಯಲ್ಲೇ ಹತ್ತಿದ್ದರೂ ಸೂಚಿಯಲ್ಲಿ ಬ್ರಿಸ್ಬೇನ್ ಅಥವಾ ಸಿಡ್ನಿಯ ಕೆಳಗೆ ಇರುತ್ತಾರೆ. ಹತ್ತಿದ ಬಂದರು ತಿಳಿಯಬೇಕಾದರೆ ಮೂಲ ಹಾಳೆಯ ಚಿತ್ರವನ್ನೇ ನೋಡಬೇಕು.

ಪಾಂಗಾಳ_ಹೊಳೆ:
ಒಂದು ಮಾತು ಸೇರಿಸಬೇಕು. ಅವರು ಫ್ರಾನ್ಸಿನ ಮಾರ್ಸೇಲ್ಸಿನಲ್ಲಿ ಇಳಿದು ರೈಲಿನಲ್ಲಿ ಹೋಗಿರಲೂಬಹುದು. ದುಡ್ಡಿದ್ದವರು, ಸಮಯ ಉಳಿಸಬೇಕಾದವರು ಹಾಗೆ ಮಾಡುತ್ತಿದ್ದರು. ಫ್ರಾನ್ಸಿನಿಂದ ಇಂಗ್ಲಿಷ್ ಚಾನೆಲ್ ದಾಟುವ ಫೆರಿಯ ಪಟ್ಟಿಗಳು ಬಿಟಿ 26ರಲ್ಲಿ ಇಲ್ಲ, ಯಾಕೆಂದರೆ ಯುರೋಪಿನ ಒಳಗಿನ ಓಡಾಟವನ್ನು ಅಲ್ಲಿ ಸೇರಿಸಿಲ್ಲ. ಎಲ್ಲ ಹಡಗು ಓದಿಯೂ ಸಿಗದಿದ್ದರೆ ಬಿಟಿ 27 ತೆಗೆಯಿರಿ. ಅದು ಬ್ರಿಟನ್ನಿನಿಂದ ಹೊರಟವರ ಪಟ್ಟಿ, 1890ರಿಂದ 1960, ಫೈಂಡ್‌ಮೈಪಾಸ್ಟ್ ವೆಬ್‌ಸೈಟಿನಲ್ಲಿ ಉಂಟು. ಹೋಗುವಾಗ ರೈಲು ಹಿಡಿದವರೂ ಊರಿಗೆ ಬರುವಾಗ ಪೆಟ್ಟಿಗೆಗಳ ಸಮೇತ ಲಂಡನ್‌ನಿಂದಲೇ ಹಡಗು ಹತ್ತಿರಬಹುದು.

ಶಿರ್ವ_ಮನೆ:
ಪುಟ ಓದುವ ಉಪಾಯ ಫಲಿಸಿತು, ಎಲ್ಲರಿಗೂ ಉಪಕಾರ. ಆದರೆ ಈಗ ಇಬ್ಬರು ಸಿಕ್ಕಿದ್ದಾರೆ. ಒಬ್ಬರು ‘ಸೋಝ, ಎಸ್. ಡಿ.’, 25, ವಿದ್ಯಾರ್ಥಿ, ವಿಳಾಸ 112 ಗವರ್ ಸ್ಟ್ರೀಟ್. ಇನ್ನೊಬ್ಬರು ‘ಡಿಸೋಝ, ಸೆಬಾಸ್ಟಿಯನ್’, 27, ಕ್ಲರ್ಕ್, ಬೇರೆ ಹಾಳೆಯಲ್ಲಿ. ಹೆಸರು ಪೂರ್ತಿ ಕೂಡುವುದು ಎರಡನೆಯವರದ್ದು.

ಕಲ್ಯಾಣಪುರ_ವಂಶಾವಳಿ:
ಹೆಸರು ಕೂಡಿತೆಂದು ಎರಡನೆಯವರನ್ನು ಹಿಡಿಯಬೇಡಿ. ಆ ಹಾಳೆಯ ನೆತ್ತಿಯಲ್ಲಿ ಎಂತ ಬರೆದಿದೆ ಎಂದು ಮೊದಲು ನೋಡಿ. ಬ್ರಿಟಿಷ್ ಪ್ರಜೆಗಳದ್ದು ಒಂದು ಹಾಳೆ, ಪರದೇಶಿಯರದ್ದು ಇನ್ನೊಂದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಇತ್ತು, ಹಾಗಾಗಿ ಶಿರ್ವದವರು ಬ್ರಿಟಿಷ್ ಪ್ರಜೆಗಳು. ಗೋವಾದವರು ಪೋರ್ಚುಗಲ್ ಪ್ರಜೆಗಳು. ಸೆಬಾಸ್ಟಿಯನ್ ಡಿಸೋಜ ಎಂಬ ಹೆಸರು ಎರಡೂ ಕಡೆ ಧಾರಾಳ. ಆ ಕ್ಲರ್ಕ್ ಪರದೇಶಿಯರ ಹಾಳೆಯಲ್ಲಿದ್ದು ರಾಷ್ಟ್ರೀಯತೆ ಪೋರ್ಚುಗೀಸ್ ಎಂದಿದ್ದರೆ ಅವರು ನಿಮ್ಮವರಾಗಿರುವುದು ಬಹಳ ಸಂಶಯ.

ಶಿರ್ವ_ಮನೆ:
ಹೌದು, ಪರದೇಶಿಯರ ಹಾಳೆಯೇ. ಪೋರ್ಚುಗೀಸ್ ಎಂದೇ ಉಂಟು. ಹಾಗಾದರೆ 25ರ ವಿದ್ಯಾರ್ಥಿಯನ್ನೇ ವಂಶವೃಕ್ಷಕ್ಕೆ ಸೇರಿಸಲಾ?

ಬಂದರು_ದಕ್ಕೆ:
ಈಗಲೇ ಬೇಡ. 112 ಗವರ್ ಸ್ಟ್ರೀಟ್ ಅಂದರೆ ಆಗ ಭಾರತೀಯ ವಿದ್ಯಾರ್ಥಿಗಳ ವೈಎಂಸಿಎ ಹಾಸ್ಟೆಲ್. ನಮ್ಮ ಕಡೆಯ ಎಷ್ಟೋ ವಿದ್ಯಾರ್ಥಿಗಳು ಕೊಟ್ಟ ವಿಳಾಸ ಅದು, ಅಷ್ಟರಿಂದ ಯಾರನ್ನೂ ಗುರುತಿಸಲು ಆಗುವುದಿಲ್ಲ. ವಿಳಾಸದ ಜಾಗದಲ್ಲಿ ‘ಅದೇ’ ಎನ್ನುವ ಗುರುತು ಮಾತ್ರ ಇದೆಯೋ ಎಂದು ಚಿತ್ರ ದೊಡ್ಡದು ಮಾಡಿ ನೋಡಿ. ಸಾಲು ಒಂದು ಮೇಲೆ ಕೆಳಗೆ ಜಾರಿದ್ದರೆ ಪಕ್ಕದವನ ವಿಳಾಸ ನಿಮ್ಮವರ ತಲೆಗೆ ಬಂದಿರುತ್ತದೆ.

ಮೊದಲು ಜ್ಞಾನಸ್ನಾನದ ಪುಸ್ತಕದಿಂದ ಹುಟ್ಟಿದ ತಾರೀಕು ತೆಗೆಸಿ, 25 ಕೂಡುತ್ತದೋ ನೋಡಿ. ಆಮೇಲೆ ಬ್ರಿಟನ್ನಿನ ಮೆಡಿಕಲ್ ರಿಜಿಸ್ಟರ್. 1959ರ ತನಕದ್ದು ಆನ್ಸೆಸ್ಟ್ರಿಯಲ್ಲೇ ಇದೆ. ಅಲ್ಲಿ ಪೂರ್ತಿ ಹೆಸರು, ವಿಳಾಸ, ನೋಂದಣಿಯ ತಾರೀಕು, ಪದವಿ ಸಿಗುತ್ತದೆ. 1939ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡ್ ಅಥವಾ ವೇಲ್ಸಿನಲ್ಲಿ ಇದ್ದಿದ್ದರೆ ಆ ವರ್ಷ ಸರ್ಕಾರ ಅಲ್ಲಿನ ಜನರ ಹೆಸರು ಬರೆದುಕೊಂಡ ‘1939ರ ರಿಜಿಸ್ಟರ್’ನಲ್ಲಿ ಹುಟ್ಟಿದ ದಿನವೂ ಇರುತ್ತದೆ. ಇದರಲ್ಲಿ ಎರಡು ಕೂಡಿದರೆ ಸೇರಿಸಿ.

ಸೇರಿಸುವಾಗ ಬಿಟಿ 26ರ ಪೀಸ್ ನಂಬರು (ಸಂಗ್ರಹದಲ್ಲಿ ಆ ಕಟ್ಟಿನ ಸಂಖ್ಯೆ), ಹಡಗಿನ ಹೆಸರು, ಬಂದ ತಾರೀಕು, ಸಾಲಿನ ಸಂಖ್ಯೆ ನಾಲ್ಕನ್ನೂ ಬರೆದಿಡಿ. ವೆಬ್‌ಸೈಟಿನ ಲಿಂಕ್ ಮಾತ್ರ ಇಟ್ಟರೆ ಚಂದಾ ಮುಗಿದ ದಿನ ಅದು ತೆರೆಯುವುದಿಲ್ಲ.